ಚೊಗರು ಕುಡಿದ ಕಲ್ಲುಚಟ್ಟಿಗಳು

ಒಲೆಯಿಂದ ಇಳಿಸಿದ ಮೇಲೂ ಕುದಿಯುತ್ತಲೇ ಇರುವುದು ನಾನು ಕಂಡಂತೆ ಎರಡೇ. ಒಂದು ಬಳಪದ ಕಲ್ಲಿನ ಚಟ್ಟಿ, ಇನ್ನೊಂದು ನಮ್ಮ ಮಾವ. ಮಾವನಿಗೆ ಈಗ ವಯಸ್ಸಾಗಿ ಕುದಿ ಸ್ವಲ್ಪ ತಗ್ಗಿದೆ. ಚಟ್ಟಿಯದು ತಗ್ಗಿಲ್ಲ ಎನ್ನುವುದು ಮೊನ್ನೆ ಸಾಗರಕ್ಕೆ ಹೋದಾಗ ಮತ್ತೆ ಗೊತ್ತಾಯಿತು. ತಂಗಿಯ ಮಗಳು ಅಲ್ಲಿ ಹೊಸ ಮನೆ ಮಾಡಿದ್ದಾಳೆ. ಅವಳ ಅಡುಗೆಮನೆಯಲ್ಲಿ ನಿಂತು ಅದೂ ಇದೂ ಮಾತಾಡುತ್ತಿದ್ದೆವು. ಅವಳು ಗ್ಯಾಸ್ ಆರಿಸಿ, ಹಾಗಲಕಾಯಿ ಗೊಜ್ಜಿನ ಚಟ್ಟಿಯನ್ನು ಮಸಿಬಟ್ಟೆ ಹಿಡಿದು ಎತ್ತಿ ಕಟ್ಟೆಯ ಮೇಲಿಟ್ಟಳು. ಗೊಜ್ಜು ಅಲ್ಲೂ ಕೊತಕೊತ ಕುದಿಯುತ್ತಲೇ ಇತ್ತು.

"ನೋಡು ದೊಡ್ಡಮ್ಮ, ಆಫ್ ಮಾಡಿದ್ರೂ ನಿಲ್ಸಲ್ಲ ಇದು. ನಿಂದೇ ಚಟ್ಟಿ, ನೆನಪದೆಯಾ?" ಎಂದು ನಕ್ಕಳು.

ನೆನಪಿಲ್ಲದೆ ಏನು! ಅದರ ವಾಸನೆ ಆಗಲೇ ಮೂಗಿಗೆ ಹೊಡೆದಿತ್ತು. ಬಿಸಿಯಾದ ಬಳಪದ ಕಲ್ಲಿಗೆ ಅದರದೇ ಒಂದು ವಾಸನೆಯಿದೆ. ಎಣ್ಣೆ, ಗಂಜಿ, ಬೂದಿ, ಇವೆಲ್ಲದರ ಅಡಿಯಲ್ಲಿ ಕಲ್ಲು. ಆ ಚಟ್ಟಿಯಲ್ಲಿ ಇವುಗಳ ಜೊತೆಗೆ ಇನ್ನೂ ಒಂದು ವಾಸನೆ ಇದೆ. ಅದು ನನ್ನೊಬ್ಬಳಿಗೆ ಮಾತ್ರ ಗೊತ್ತಾಗುವಷ್ಟು ತೆಳ್ಳಗಾಗಿದೆ. ಕೊರೊನಾ ಬರುವುದಕ್ಕೆ ಒಂದು ವರ್ಷ ಮುಂಚಿನ ಅಡಿಕೆ ಸುಲಿಗೆಯ ಕಾಲದಲ್ಲಿ ನಾನು ಮಾಡಿದ ಚಟ್ಟಿಗಳಲ್ಲಿ ಅದೂ ಒಂದು. ಆ ಕಾಲವನ್ನು ನೆನೆದರೆ ಈಗಲೂ ನನಗೆ ಬೆನ್ನು ನೆಟ್ಟಗಾಗುತ್ತದೆ.

ಹೊಸನಗರದಿಂದ ನಗರವೆಂಬ ಕೋಟೆಯೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಕಲ್ಲಿನ ಶೆಡ್ಡು. ತಗಡಿನ ಮಾಡು, ಮುಂದೆ ಅರ್ಧ ಮುಗಿದ ಗಣಪತಿಗಳು, ಮಲಗಿದ ನಂದಿಗಳು, ಮೂಗು ಹಾರಿಹೋದ ಒಬ್ಬ ದ್ವಾರಪಾಲಕ. ಕೋಟೆ ನೋಡಲು ಹೋಗುವವರು ಕಾರು ನಿಲ್ಲಿಸಿ ಆ ಮೂಗಿಲ್ಲದವನ ಜೊತೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಮಾವ ದೇವರ ಕೆಲಸದವರು. ಅವರು ಮಾಡಿದ ಮೂರ್ತಿಗಳು ಮೂರು ತಾಲ್ಲೂಕಿನ ಗುಡಿಗಳಲ್ಲಿ ಕೂತಿವೆ. ನನ್ನ ಗಂಡ ಮೂರ್ತಿಗಳಿಗೆ ಹೊಳಪು ಕೊಡುವವರು, ಮಾತು ಉಳಿತಾಯ ಮಾಡುವ ಮನುಷ್ಯ. ತಮ್ಮಪ್ಪನಿಗೂ ನನಗೂ ಜಗಳವಾದಾಗಲೆಲ್ಲ ಅವರಿಗೆ ಶೆಡ್ಡಿನ ಹಿಂದೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ನನ್ನ ತವರು ಸಾಗರದ ಕಡೆ. ನಮ್ಮಪ್ಪನೂ ಕಲ್ಲು ಕೆತ್ತುವವನೇ, ಆದರೆ ದೇವರಿಗೆ ಕೈ ಹಾಕಿದವನಲ್ಲ. ಚಟ್ಟಿ, ದೋಸೆಕಲ್ಲು, ಉಪ್ಪಿನಕಾಯಿ ಹಾಕುವ ಮರಿಗೆ, ಬೆಣ್ಣೆ ಇಡುವ ಪುಟ್ಟ ಬಟ್ಟಲು, ಇಂಥವೇ. ಬಳಪದ ಕಲ್ಲು ಹುಳಿಗೆ ಹೆದರುವುದಿಲ್ಲ. ತಾಮ್ರದಲ್ಲೋ ಅಲ್ಯೂಮಿನಿಯಮ್ಮಿನಲ್ಲೋ ಇಡಲಾಗದ ಅಪ್ಪೆಹುಳಿ, ಮಜ್ಜಿಗೆ, ಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತದೆ. ಕೆತ್ತುವಾಗ ಉದುರಿದ ಚೂರುಗಳನ್ನು ಉಜ್ಜಿ ಬಳಪ ಮಾಡಿ ಶಾಲೆಗೆ ಒಯ್ಯುತ್ತಿದ್ದೆವು. ಬೇಸಿಗೆಯಲ್ಲಿ ಬೆವರುಸಾಲೆ ಎದ್ದರೆ ಅಮ್ಮ ಕಲ್ಲಿನ ಹುಡಿಯನ್ನೇ ಬೆನ್ನಿಗೆ ಬಳಿಯುತ್ತಿದ್ದಳು. ಉಳಿ ಹಿಡಿಯಲು ಅಪ್ಪ ನನಗೆ ಕಲಿಸಿಕೊಡಲಿಲ್ಲ, ಹಿಡಿದಾಗ ಬೈಯಲೂ ಇಲ್ಲ. ಮದುವೆಯಾಗಿ ಬಂದ ಮೇಲೆ ಈ ಶೆಡ್ಡಿನ ಒಂದು ಮೂಲೆಯಲ್ಲಿ ಕೂತು ನಾನೂ ಚಟ್ಟಿ ಮಾಡತೊಡಗಿದೆ.

ಮಾವ ಬೇಡವೆನ್ನಲಿಲ್ಲ. ಆದರೆ ನನಗೆ ಸಿಗುತ್ತಿದ್ದದ್ದು ಎಂಥ ಕಲ್ಲು! ವರ್ಷಕ್ಕೊಮ್ಮೆ ಬಯಲುಸೀಮೆಯಿಂದ ಲಾರಿಯಲ್ಲಿ ಲೋಡು ಬರುತ್ತದೆ. ಮಾವ ಸುತ್ತಿಗೆ ಹಿಡಿದು ಒಂದೊಂದೇ ಕಲ್ಲನ್ನು ತಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ಅದು ದೇವರಿಗೆ. ಠಣ್ಣೂ ಅಲ್ಲ ಡಬ್ಬೂ ಅಲ್ಲ ಅನ್ನಿಸಿದರೆ ನಂದಿಗೆ, ನಾಗರಕಲ್ಲಿಗೆ. ಡಬ್ ಎಂದು ಸತ್ತ ಸದ್ದು ಬಂದರೆ, ಅಂದರೆ ಒಳಗೆಲ್ಲೋ ಸೀಳು ಇದ್ದರೆ, ಕಾಲಿನಿಂದ ಆಚೆ ತಳ್ಳಿ, "ಅದು ಪ್ರೇಮನ ಚಟ್ಟಿಗೆ," ಎನ್ನುತ್ತಿದ್ದರು. ಅದು ಅವರ ಅಪ್ಪನ ಕಾಲದಿಂದ ಬಂದ ಕ್ರಮ. ಮೊದಲು ದೇವರು, ಕೊನೆಗೆ ಅಡುಗೆಮನೆ.

ಆ ಕ್ರಮದ ಫಲ ಆ ವರ್ಷ ದೀಪಾವಳಿಯ ಹೊತ್ತಿಗೆ ಗೋಣಿಚೀಲದಲ್ಲಿ ಮನೆಗೆ ಬಂತು. ಅರಳಸುರಳಿಯ ಭಾಗೀರಥಮ್ಮ ಎಂಬವರು ನಮ್ಮಲ್ಲಿಂದ ಒಯ್ದಿದ್ದ ಚಟ್ಟಿಯನ್ನು ಯಾರದೋ ಕೈಯಲ್ಲಿ ವಾಪಸು ಕಳಿಸಿದ್ದರು. ಕಂಠದಿಂದ ತಳದವರೆಗೆ ಬಿರುಕು. ಅದಕ್ಕೂ ಮುಂಚೆ ಇನ್ನೊಂದು ಮನೆಯಿಂದಲೂ ಹೀಗೇ ಬಂದಿತ್ತು. ಮಾವ ಚಟ್ಟಿಯನ್ನು ಗಣಪತಿಯ ಪಕ್ಕದಲ್ಲಿಟ್ಟು ನನ್ನನ್ನು ಕರೆದರು.

"ಚಟ್ಟಿ ಒಡೀತು ಅಂತ ಯಾರೂ ಹೇಳಲ್ಲ ಪ್ರೇಮಾ. ಆಚಾರ್ರ ಮನೆ ಕಲ್ಲು ಒಡೀತು ಅಂತಾರೆ. ನಾಳೆ ದೇವ್ರು ಮಾಡ್ಸಕ್ಕೆ ಬಂದೋರು ಇದನ್ನೇ ಕೇಳ್ತಾರೆ. ಸಾಕು ಮಾಡು."

"ಡಬ್ ಅನ್ನೋ ಕಲ್ಲು ಕೊಟ್ರೆ ಒಡೀದೆ ಇನ್ನೇನು ಮಾವ?"

"ಮತ್ತೆ ದೇವ್ರಿಗೆ ಒಡಕು ಕಲ್ಲು ಹಾಕ್ಲಾ?"

"ದೇವ್ರು ಒಲೆ ಮೇಲೆ ಕೂರಲ್ಲ ಮಾವ. ತಣ್ಣಗೆ ಹಾಲು, ನೀರು ಹಾಕಿಸ್ಕಂಡು ಕೂತಿರ್ತಾನೆ. ಚಟ್ಟಿ ದಿನಾ ಬೆಂಕಿ ಮೇಲೆ ಕೂರ್ತದೆ. ಒಳ್ಳೆ ಕಲ್ಲು ಬೇಕಾದ್ದು ಯಾರಿಗೆ?"

ಅಷ್ಟು ಹೇಳುವಾಗ ನನ್ನ ದನಿ ರಸ್ತೆಗೆ ಕೇಳುವಷ್ಟು ಏರಿತ್ತು. ನನ್ನ ಗಂಡ ಆಗಲೇ ಶೆಡ್ಡಿನ ಹಿಂದೆ ಹೋಗಿದ್ದರು. ಮಾವನ ಮುಖ ಕೆಂಪಾಯಿತು. ಚಟ್ಟಿ ಕೆಲಸ ಅಂದೇ ನಿಂತುಹೋಗುತ್ತಿತ್ತು, ಅಷ್ಟರಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ತಲೆ ಎತ್ತದೆಯೇ, "ಒಂದು ಸುಲಿಗೆ ಕಾಲ ಕೊಟ್ಟು ನೋಡಿ. ಆಮೇಲೆ ಬೈಯಕ್ಕೆ ಬೇಕಾದಷ್ಟು ಟೈಮದೆ," ಎಂದರು.

ಹಾಗೆ ಕರಾರಾಯಿತು. ಉಳಿದ ಕಲ್ಲಿನಲ್ಲೇ ನಾನು ಆ ಕಾಲಕ್ಕೆ ಚಟ್ಟಿಗಳನ್ನು ಮಾಡಬೇಕು. ಮುಂದಿನ ಲೋಡು ಬರುವುದರೊಳಗೆ ಒಂದೇ ಒಂದು ಚಟ್ಟಿ ಒಡೆದು ಬಂದರೂ ನಾನು ಉಳಿ ಕೆಳಗಿಡಬೇಕು, ಮತ್ತೆ ಎತ್ತಬಾರದು. ಒಂದೂ ಬರದಿದ್ದರೆ? ಮಾವ ಅದನ್ನು ಯೋಚಿಸಿರಲಿಲ್ಲ. ನಾನೇ ಹೇಳಿದೆ. ಒಂದೂ ಬರದಿದ್ದರೆ ಲೋಡಿನಲ್ಲಿ ಮೊದಲ ಕಲ್ಲು ಆರಿಸುವುದು ನಾನು. ಮಾವ ನಕ್ಕರು. ಗೆಲ್ಲುವುದಿಲ್ಲ ಎಂದು ಖಾತ್ರಿಯಿದ್ದವರಿಗೆ ಮಾತು ಕೊಡುವಾಗ ನಗುವಂಥ ನಗು ಅದು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನವೇ ನಾನು ಬಸ್ಸು ಹತ್ತಿ ಅರಳಸುರಳಿಗೆ ಹೋದೆ. ಚಟ್ಟಿ ಯಾಕೆ ಒಡೆಯಿತು ಎನ್ನುವುದು ಮೊದಲು ತಿಳಿಯಬೇಕಿತ್ತು. ಕಲ್ಲು ಒಡಕೇ ಸರಿ, ಆದರೆ ನಮ್ಮಪ್ಪನೂ ಇಂಥ ಕಲ್ಲಿನಲ್ಲೇ ಎಷ್ಟೋ ಚಟ್ಟಿ ಮಾಡಿದ್ದಾನೆ. ಭಾಗೀರಥಮ್ಮ ಮಣೆ ಹಾಕಿ, ಮಜ್ಜಿಗೆ ಕೊಟ್ಟು, ಮಾತಿನ ಭರದಲ್ಲಿ ತಮ್ಮ ಮನೆಮಾತಿಗೇ ಇಳಿದರು.

"ನೀರು ಹಾಕಿ ಗ್ಯಾಸ್ ಮೇಲೆ ಇಟ್ಟಿದ್ದಷ್ಟೇ. ಟಪ್ ಹೇಳಿ ಸದ್ದು ಬಂತು. ಎಂತ ಆತು ಹೇಳಿ ಗೊತ್ತಾಜಿಲ್ಲೆ."

"ಮೊದ್ಲು ಗಂಜಿ ಹಾಕಿ ಪಳಗಿಸಿದ್ರಾ ಅಮ್ಮ? ಕೊಡೋವಾಗ ಹೇಳಿದ್ನಲ್ಲ."

"ಗಂಜಿ ಎಲ್ಲಿದ್ದು? ಎಂಗೊ ಕುಕ್ಕರಿನಲ್ಲೇ ಅನ್ನ ಮಾಡದು. ಈಗ ಈ ಊರಲ್ಲಿ ಅನ್ನ ಬಸಿಯದೇ ಇಲ್ಲೆ."

ಮಜ್ಜಿಗೆ ಲೋಟ ಕೈಯಲ್ಲೇ ಉಳಿಯಿತು. ಇಷ್ಟು ಸುಲಭದ ವಿಷಯ ನನಗೆ ಹೊಳೆದಿರಲಿಲ್ಲವಲ್ಲ! ಹೊಸ ಕಲ್ಲುಚಟ್ಟಿಗೆ ಎಣ್ಣೆ, ಅರಿಸಿನ ಬಳಿದು ಕುಡಿಸಬೇಕು. ಆಮೇಲೆ ದಿನವೂ ಅನ್ನ ಬಸಿದ ಗಂಜಿ ತುಂಬಿ, ಬೂದಿ ಮುಚ್ಚಿದ ಕೆಂಡದ ಮೇಲೆ ನಿಧಾನಕ್ಕೆ ಬಿಸಿ ಮಾಡಬೇಕು. ಹೀಗೆ ವಾರಗಟ್ಟಲೆ ಮಾಡಿದರೆ ಗಂಜಿ ಕಲ್ಲಿನ ಸಣ್ಣ ಸಣ್ಣ ಸಂದುಗಳಿಗೆ ಇಳಿದು, ಬೆಂದು, ಗಟ್ಟಿಯಾಗುತ್ತದೆ. ಅಮ್ಮನ ಕಾಲದಲ್ಲಿ ಈ ಕೆಲಸ ಚಟ್ಟಿ ಕೊಂಡವರ ಮನೆಯಲ್ಲಿ ತಾನಾಗಿಯೇ ನಡೆಯುತ್ತಿತ್ತು. ಎಲ್ಲರ ಮನೆಯಲ್ಲೂ ಸೌದೆ ಒಲೆ, ಎಲ್ಲರ ಮನೆಯಲ್ಲೂ ಗಂಜಿ. ಈಗ ಮೂರು ತಾಲ್ಲೂಕಿನಲ್ಲಿ ಕುಕ್ಕರು ಕೂಗುತ್ತಿದೆ. ಹಸಿ ಚಟ್ಟಿ ನೇರವಾಗಿ ಗ್ಯಾಸಿನ ಉರಿಗೆ ಕೂರುತ್ತಿದೆ. ಒಡೆಯದೆ ಏನು ಮಾಡೀತು?

ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಚಟ್ಟಿಗಳನ್ನು ನಾನೇ ಪಳಗಿಸಿ ಕೊಡಬೇಕು. ಮನೆಗೆ ಬಂದು ಅಡುಗೆಮನೆಗೆ ಕಾಲಿಟ್ಟರೆ ನಮ್ಮ ಒಲೆಯ ಮೇಲೂ ಕುಕ್ಕರೇ ಕೂತಿತ್ತು. ವಿಷಯ ಕೇಳಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲು ಕಲ್ಲು. ಮಾವ ತಳ್ಳಿದ್ದ ರಾಶಿಯಲ್ಲಿ ಎಲ್ಲವೂ ಸತ್ತ ಕಲ್ಲಲ್ಲ ಎನ್ನುವುದು ನನಗೆ ಗೊತ್ತಿತ್ತು. ದೊಡ್ಡ ಕಲ್ಲಿನಲ್ಲಿ ಒಂದು ಕಡೆ ಸೀಳಿದ್ದರೆ ಇಡೀ ಕಲ್ಲು ಡಬ್ ಎನ್ನುತ್ತದೆ. ಸೀಳಿನ ಗುಂಟ ಒಡೆದು ಬೇರೆ ಮಾಡಿದರೆ ಉಳಿದ ತುಂಡು ಚೆನ್ನಾಗಿಯೇ ಇರಬಹುದು. ಮೂರ್ತಿಗೆ ಇಡೀ ಕಲ್ಲೇ ಬೇಕು, ಚಟ್ಟಿಗೆ ತುಂಡು ಸಾಕು. ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ, ಎತ್ತಿ ಗಾಳಿಗೆ ಇಟ್ಟು ನೋಡುತ್ತ ಕೂತೆ. ಕಲ್ಲಿನ ಮೈ ಬೇಗ ಆರುತ್ತದೆ, ಬಿರುಕಿದ್ದಲ್ಲಿ ನೀರು ಕೂತು ಕೂದಲೆಳೆಯಷ್ಟು ಕಪ್ಪು ಗೀರು ಕಾಣುತ್ತದೆ. ಗೀರು ಕಂಡದ್ದನ್ನೆಲ್ಲ ಎಸೆದೆ. ಉಳಿದದ್ದನ್ನು ಹಗ್ಗಕ್ಕೆ ನೇತುಹಾಕಿ ತಟ್ಟಿದೆ. ಠಣ್ ಎಂದದ್ದಷ್ಟೇ ನನ್ನ ಮೂಲೆಗೆ ಬಂತು. ಮಾವ ಅವರ ಗಣಪತಿಯ ಸೊಂಡಿಲು ತಿದ್ದುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ತಾವು ಕಾಲಿನಿಂದ ತಳ್ಳಿದ್ದ ಕಲ್ಲುಗಳು ಠಣ್ ಠಣ್ ಎನ್ನುವುದು ಅವರಿಗೆ ಕೇಳಿಸದೆ ಇರಲಿಲ್ಲ.

ಚಟ್ಟಿಗಳೇನೋ ಆದವು. ದಪ್ಪ ತಳ, ಸ್ವಲ್ಪ ಒಳಗೆ ಬಾಗಿದ ಕಂಠ, ಹಿಡಿಯಲು ಎರಡು ಕಿವಿ. ಗಂಜಿಗೂ ಕೆಂಡಕ್ಕೂ ಎಲ್ಲಿಗೆ ಹೋಗಬೇಕು? ಅದೂ ಅಷ್ಟು ಚಟ್ಟಿಗೆ? ನಮ್ಮ ಶೆಡ್ಡಿನಿಂದ ಸ್ವಲ್ಪ ದೂರದಲ್ಲಿ ಮಂಜಪ್ಪಗೌಡರ ಮನೆ. ಅವರಲ್ಲಿ ಸುಲಿಗೆ ಆಗಷ್ಟೇ ಶುರುವಾಗಿತ್ತು. ಈಗಿನಂತೆ ಸುಲಿಯುವ ಯಂತ್ರ ಅವರಿನ್ನೂ ತಂದಿರಲಿಲ್ಲ. ಅಂಗಳದಲ್ಲಿ ಸಾಲಾಗಿ ಕೂತು ಹೆಂಗಸರು ಕತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದರು. ಅಷ್ಟು ಜನರಿಗೂ ಊಟ ಗೌಡರ ಮನೆಯದೇ. ದೊಡ್ಡ ಹಂಡೆಯಲ್ಲಿ ಕುಚ್ಚಲಕ್ಕಿ ಅನ್ನ, ಬಸಿದರೆ ಕೊಡಗಟ್ಟಲೆ ಗಂಜಿ. ಪಕ್ಕದಲ್ಲೇ ಅಡಿಕೆ ಬೇಯಿಸುವ ಒಲೆ. ಸುಲಿಗೆ ಮುಗಿಯುವವರೆಗೆ ಅದು ಆರುವುದೇ ಇಲ್ಲ. ಅದರ ಬಾಯಿಯ ಎರಡೂ ಪಕ್ಕದಲ್ಲಿ ಮೊಣಕಾಲುದ್ದ ಬಿಸಿಬೂದಿ. ರಸ್ತೆಯಲ್ಲಿ ನಿಂತು ಅದನ್ನು ನೋಡಿದ ನನಗೆ ಬಾಯಲ್ಲಿ ನೀರೂರಿತು.

ಮಂಜಪ್ಪಗೌಡರು ಒಳ್ಳೆಯವರು. ಎಲ್ಲದಕ್ಕೂ ಕೈ ಹಾಕುವುದು ಅವರ ದೋಷ. ಯಾರ ಮನೆಯ ಮದುವೆಯಿರಲಿ, ಬಾವಿಯಿರಲಿ, ಕೆಟ್ಟು ನಿಂತ ಬೈಕಿರಲಿ, ಗೌಡರ ಕೈ ಅದರೊಳಗೆ ಇರಲೇಬೇಕು. ನಾನು ವಿಷಯ ಹೇಳಿದೊಡನೆ ಎದ್ದು ನಿಂತರು.

"ಅಲ್ಲ ಮಾರಾಯ್ತಿ, ಅಡಿಕೆ ಬೇಯ್ಸೋ ಒಲೇಲಿ ಕಲ್ಲು ಬೇಯ್ಸದಾ? ನಾಳೆ ಯಾರಾದ್ರೂ ಕೇಳಿದ್ರೆ ಎಂತ ಹೇಳ್ಲಿ?"

"ಬೇಯ್ಸದಲ್ಲ, ಬಿಸಿ ಮಾಡದು ಅಂತ ಹೇಳ್ತಿದಾಳೆ. ನಿಮ್ಗೆ ಕೇಳಿಸ್ಕಳೋ ತಾಳ್ಮೆ ಎಲ್ಲದೆ?" ಅವರ ಹೆಂಡತಿ ಸುಶೀಲಮ್ಮ ಒಳಗಿಂದಲೇ ಹೇಳಿದರು. "ಇಟ್ಕ ಪ್ರೇಮಾ. ಆದ್ರೆ ಗಂಜಿ ಪೂರಾ ತಗಬೇಡ, ನಮ್ ಎಮ್ಮೆಗೂ ಬೇಕು."

ಅಲ್ಲಿಂದ ನನಗೂ ಆ ಎಮ್ಮೆಗೂ ಗಂಜಿಯ ಪೈಪೋಟಿ ಶುರುವಾಯಿತು. ಬೆಳಿಗ್ಗೆ ಹೋಗಿ ಚಟ್ಟಿಗಳಿಗೆ ಗಂಜಿ ತುಂಬಿ ಬೂದಿಯಲ್ಲಿ ಕಂಠದವರೆಗೆ ಹೂಳುವುದು, ಸಂಜೆ ಹೋಗಿ ಬಗ್ಗಿ ನೋಡುವುದು. ಸುಲಿಯುವ ಹೆಂಗಸರು, "ಪ್ರೇಮಕ್ಕ, ಮೊಟ್ಟೆ ಒಡೀತಾ?" ಎಂದು ರೇಗಿಸುತ್ತಿದ್ದರು. ಬೂದಿಯಲ್ಲಿ ಸಾಲಾಗಿ ಕೂತ ಚಟ್ಟಿಗಳು ನಿಜಕ್ಕೂ ಕಾವು ಕೂತ ಕೋಳಿಗಳಂತೆ ಕಾಣುತ್ತಿದ್ದವು. ತಿಳಿ ಹಸಿರು ಕಲ್ಲು ಮೆಲ್ಲನೆ ಬೂದುಬಣ್ಣಕ್ಕೆ, ಆಮೇಲೆ ಹೊಗೆಯ ಬಣ್ಣಕ್ಕೆ ತಿರುಗತೊಡಗಿತು. ಪ್ರತಿ ಚಟ್ಟಿಯನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. ಎಲ್ಲವೂ ದನಿ ಉಳಿಸಿಕೊಂಡಿದ್ದವು. ಗೆದ್ದೇಬಿಟ್ಟೆ ಎಂದುಕೊಂಡೆ.

ಆ ವಾರ ಅತ್ತೆಗೆ ಜ್ವರ ಬಂದು ನಾನು ಗೌಡರ ಮನೆ ಕಡೆ ಹೋಗಲಾಗಲಿಲ್ಲ. ಅತ್ತೆ ಎದ್ದು ಕೂತ ಮೇಲೆ ಹೋಗಿ ಬೂದಿ ಸರಿಸಿದೆ. ನೋಡಿದರೆ ಕಣ್ಣೇ ನಂಬಲಿಲ್ಲ. ಚಟ್ಟಿಗಳು ಕೆಂಪು ಕೂಡಿದ ಕಪ್ಪು ಬಣ್ಣಕ್ಕೆ ತಿರುಗಿ, ಅಜ್ಜಿಯ ಅಜ್ಜಿಯ ಕಾಲದಿಂದ ಬಳಸಿದವೋ ಎನ್ನುವಂತೆ ಮಿರಿಮಿರಿ ಮಿಂಚುತ್ತಿದ್ದವು. ಮಂಜಪ್ಪಗೌಡರು ಹಿಂದೆ ಬಂದು ನಿಂತಿದ್ದರು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಹ್ಯಾಗದೆ ಬಣ್ಣ? ನೀನು ಬರ್ಲಿಲ್ಲ, ಗಂಜಿ ಎಮ್ಮೆಗೇ ಖಾಲಿ ಆಯ್ತು. ಚಟ್ಟಿ ಸುಮ್ನೆ ಒಣಗ್ತವಲ್ಲ ಅಂತ ನಾನೇ ಚೊಗರು ತುಂಬಿಸ್ದೆ. ಹೋದ್ ವರ್ಷದ್ದು, ಒಳ್ಳೆ ದಪ್ಪ ಚೊಗರು!"

ಚೊಗರು ಎಂದರೆ ಅಡಿಕೆ ಬೇಯಿಸಿದ ನೀರು. ಅದನ್ನೇ ಮತ್ತೆ ಮತ್ತೆ ಕುದಿಸಿ ಮಂದ ಮಾಡಿ, ಬೇಯಿಸಿದ ಅಡಿಕೆಗೆ ಬಳಿದರೆ ಕೆಂಪು ಹೊಳಪು ಬರುತ್ತದೆ. ಅಡಿಕೆಯವರಿಗೆ ಬಣ್ಣ ಬರಬೇಕಾದ ವಸ್ತು ಯಾವುದೇ ಇರಲಿ, ಮೊದಲು ಕೈ ಹೋಗುವುದು ಚೊಗರಿನ ಡ್ರಮ್ಮಿಗೇ. ನಾನು ಒಂದು ಚಟ್ಟಿಯನ್ನು ಎತ್ತಿಕೊಂಡು ಮನೆಗೆ ಬಂದೆ. ತಟ್ಟಿದರೆ ದೇವಸ್ಥಾನದ ಗಂಟೆಯ ದನಿ. ಮಾವ ಕೂಡ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ಬಣ್ಣ ಬಂದದೆ," ಎಂದರು. ಆ ಬಾಯಿಂದ ಅಷ್ಟು ಬರುವುದೇ ಅಪರೂಪ.

ಅತ್ತೆ ಮಾತ್ರ ಶುಂಠಿ ತಂಬುಳಿ ಮಾಡಿ ಅದಕ್ಕೆ ಹಾಕಿಟ್ಟರು. ಊಟಕ್ಕೆ ಕೂತಾಗ ಬಿಳಿ ಮಜ್ಜಿಗೆಯ ತಂಬುಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮಾವ ಒಂದು ತುತ್ತು ಬಾಯಿಗಿಟ್ಟರು. ಅವರ ಮುಖ ಸೊಟ್ಟಗಾಗಿ, ತುಟಿ ಒಳಕ್ಕೆ ಸರಿದು, ನಾಲಿಗೆ ಅಂಗುಳಿಗೆ ಅಂಟಿಕೊಂಡು, ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ನಮ್ಮ ಮನೆಯಲ್ಲಿ ಅಂಥ ಶಾಂತಿ ನಾನು ಹಿಂದೆಂದೂ ಕಂಡಿರಲಿಲ್ಲ.

ನೀರು ಕುಡಿದು ನಾಲಿಗೆ ಸಡಿಲವಾದ ಮೇಲೆ ಅವರೇ ಹೇಳಿದರು. "ಕರಾರು ಒಡಕಿಂದು ಮಾತ್ರ. ಒಗರಿಂದಲ್ಲ. ಸಾಗರದ ಅಂಗಡಿಯೋರು ಈ ಬಣ್ಣ ನೋಡಿದ್ರೆ ಕಣ್ಣುಮುಚ್ಚಿ ತಗಂಡೋಗ್ತಾರೆ. ಕೊಟ್ಬಿಡು."

ಅದು ನನ್ನನ್ನು ಪರೀಕ್ಷಿಸಲು ಹೇಳಿದ್ದೋ, ನಿಜವಾಗಿಯೂ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ನನಗೆ ಸಿಟ್ಟು ಬಂತು. ಚಟ್ಟಿ ಇರುವುದು ಅಡುಗೆಗೆ, ಷೋಕೇಸಿಗಲ್ಲ. ತಂಬುಳಿ ಕೆಡಿಸುವ ಚಟ್ಟಿ ಒಡೆಯದೆ ಉಳಿದರೆಷ್ಟು ಬಿಟ್ಟರೆಷ್ಟು? ಒಂದನ್ನೂ ಕೊಡುವುದಿಲ್ಲ ಎಂದೆ. ಹೊಸದಾಗಿ ಮಾಡಲು ಒಳ್ಳೆಯ ತುಂಡು ಉಳಿದಿರಲಿಲ್ಲ, ಕಾಲವೂ ಇರಲಿಲ್ಲ. ಆ ಚೊಗರನ್ನು ಕಲ್ಲಿನಿಂದ ಹೊರಗೆ ತೆಗೆಯಬೇಕು, ಇಲ್ಲವೇ ಉಳಿ ಕೆಳಗಿಡಬೇಕು. ಬೇರೆ ದಾರಿ ಇರಲಿಲ್ಲ.

ಮತ್ತೆ ಗಂಜಿ. ದಿನವೂ ಗಂಜಿ ತುಂಬಿ ಬಿಸಿ ಮಾಡಿ ಚೆಲ್ಲುವುದು, ಮತ್ತೆ ತುಂಬುವುದು. ಮೊದಲು ಹೊರಬಂದ ಗಂಜಿ ಕುಂಕುಮ ಕಲಸಿದ ನೀರಿನ ಹಾಗಿತ್ತು. ಚೆಲ್ಲುವುದೇಕೆ ಎಂದು ಎಮ್ಮೆಗೆ ಇಟ್ಟರೆ ಅದು ಮೂಸಿ ನೋಡಿ, ನನ್ನನ್ನೊಮ್ಮೆ ನೋಡಿ, ಮುಖ ತಿರುಗಿಸಿತು. ಗೌಡರಿಗೆ ತಾವು ಮಾಡಿದ್ದು ಏನೆಂದು ಗೊತ್ತಾದ ಮೇಲೆ ಅವರ ಉತ್ಸಾಹ ಇಮ್ಮಡಿಯಾಯಿತು. "ತಪ್ಪು ನಂದು, ಗಂಜಿ ನಂದು," ಎಂದು ದಿನವೂ ತಾವೇ ಕೊಡ ಹೊತ್ತು ತಂದರು. ಎಮ್ಮೆಗೆ ಬೇರೆ ಹಿಂಡಿ ತರಿಸಿದರು. ನಾನಿಲ್ಲದಾಗ ಚಟ್ಟಿಗಳ ಹತ್ತಿರ ಸುಳಿಯಕೂಡದು ಎಂದು ಸುಶೀಲಮ್ಮ ಅವರಿಗೆ ಕಟ್ಟಪ್ಪಣೆ ಮಾಡಿದ್ದರು.

ಗಂಜಿಯ ಕೆಂಪು ಗುಲಾಬಿಗೆ ಇಳಿಯಿತು. ಗುಲಾಬಿ ಮಾಸಲಾಯಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಮೈತುಂಬ ಬೂದಿ, ಕೂದಲಲ್ಲೆಲ್ಲ ಒಲೆಯ ಹೊಗೆ. ನನ್ನ ಗಂಡ ಒಂದು ಸಂಜೆ ಚಟ್ಟಿ ಎತ್ತಿಕೊಡಲು ಬಂದವರು, "ಬಿಳೀ ಆಗ್ತಾ ಬಂತು," ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. ಸಂಕ್ರಾಂತಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಚೆಲ್ಲಿದ ಗಂಜಿ ಹಾಲಿನಂತೆ ಬೆಳ್ಳಗಿತ್ತು. ಬೆರಳದ್ದಿ ನೆಕ್ಕಿದೆ. ಬರೀ ಗಂಜಿ, ಒಗರಿನ ಸುಳಿವೇ ಇಲ್ಲ. ಅಂಗಳದಲ್ಲಿ ನಿಂತು ನಾನು ಕೂಗಿದ ಕೂಗಿಗೆ ಸುಲಿಯುವವರೆಲ್ಲ ಕತ್ತಿ ಬಿಟ್ಟು ಎದ್ದರು. ಎಮ್ಮೆ ಅಂದು ಗಂಜಿ ಕುಡಿಯಿತು.

ಆ ಚಟ್ಟಿಗಳು ಹಂಚಿಹೋದವು. ಮೊದಲನೆಯದು ಅರಳಸುರಳಿಯ ಭಾಗೀರಥಮ್ಮನಿಗೆ. ಉಳಿದವು ಸಾಗರಕ್ಕೆ, ತೀರ್ಥಹಳ್ಳಿಗೆ, ಮಂಡಗದ್ದೆಗೆ. ಬಣ್ಣ ಮಾತ್ರ ಉಳಿದಿತ್ತು. ಕಪ್ಪಿನೊಳಗೆ ಆ ತೆಳು ಕೆಂಪು ಈಗಲೂ ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಚಟ್ಟಿಯನ್ನು, ಇಬ್ಬರು ಹಿಡಿದು ಎತ್ತಬೇಕಾದ್ದನ್ನು, ಒಲೆಯ ಋಣಕ್ಕೆಂದು ಗೌಡರ ಮನೆಗೇ ಕೊಟ್ಟೆ. ಆಮೇಲೆ ಕಾಯುವ ಕೆಲಸ. ಮಾವ ತಮ್ಮ ಮಣೆಯನ್ನು ರಸ್ತೆಗೆ ಮುಖವಾಗಿ ತಿರುಗಿಸಿಕೊಂಡರು. ಬಸ್ಸು ನಿಂತು ಯಾರಾದರೂ ಗೋಣಿಚೀಲ ಹಿಡಿದು ಇಳಿದರೆ ನನ್ನ ಎದೆ ಡಬ್ ಎನ್ನುತ್ತಿತ್ತು. ಒಂದು ದಿನ ಭಾಗೀರಥಮ್ಮನೇ ಚೀಲ ಹೊತ್ತು ಇಳಿದರು. ಮಾವ ಎದ್ದು ನಿಂತು, "ಒಡೀತಾ?" ಎಂದರು, ನನಗಿಂತ ಮೊದಲು. ಚೀಲದಲ್ಲಿದ್ದದ್ದು ಬೆರಳುದ್ದದ ಅಪ್ಪೆಮಿಡಿ. ಹೊಸ ಚಟ್ಟಿಯ ಖುಷಿಗೆ ತಂದಿದ್ದರು. ಮಾವ ಒಂದು ಮಿಡಿ ತೆಗೆದು ಮೂಸಿ ಮತ್ತೆ ಕೂತರು.

ಶಿವರಾತ್ರಿ ಕಳೆದು ಗೌಡರ ಮನೆಯ ಸುಲಿಗೆ ಮುಗಿಯಿತು. ಮುಗಿದ ದಿನ ಸುಲಿದವರಿಗೆಲ್ಲ ಒಳ್ಳೆಯ ಊಟ ಹಾಕುವುದು ಪದ್ಧತಿ. ಆ ವರ್ಷ ನಮ್ಮನ್ನೂ ಕರೆದಿದ್ದರು. ಅಂಗಳದ ಒಲೆಯ ಮೇಲೆ ದೊಡ್ಡ ಕಲ್ಲುಚಟ್ಟಿಯಲ್ಲಿ ಸೌತೆಕಾಯಿ ಹುಳಿ ಕುದಿಯುತ್ತಿತ್ತು. ಅಡಿಕೆ ಒಲೆಯ ಉರಿಯೆಂದರೆ ಸಣ್ಣದಲ್ಲ. ನನಗೆ ಒಳಗೊಳಗೇ ಹೆದರಿಕೆ, ಆದರೂ ತೋರಿಸಿಕೊಳ್ಳದೆ ಎಲೆ ಒರೆಸುತ್ತಿದ್ದೆ. ಮಾವ ಅಲ್ಲೇ ಕಟ್ಟೆಯ ಮೇಲೆ ಕೂತು ಚಟ್ಟಿಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಮಂಜಪ್ಪಗೌಡರು ಸೌಟು ಹಾಕಿ ನೋಡಿ, "ಅಯ್ಯೋ, ಹುಳಿ ದಪ್ಪ ಆಯ್ತಲ್ಲ!" ಎಂದವರೇ, ಬಾವಿಕಟ್ಟೆಯ ಮೇಲಿದ್ದ ಕೊಡವನ್ನೆತ್ತಿ ಆ ಕುದಿಯುವ ಚಟ್ಟಿಗೆ ಸುರಿದುಬಿಟ್ಟರು. ಸೇದಿಟ್ಟ ತಣ್ಣೀರು.

ಸುಶೀಲಮ್ಮ, "ಅಯ್ಯಯ್ಯೋ!" ಎಂದರು. ನನ್ನ ಕೈಯಿಂದ ಎಲೆ ಜಾರಿತು. ಚಟ್ಟಿ ಸುಯ್ಯೆಂದಿತು. ಹಬೆ ಎದ್ದು ಗೌಡರ ಮುಖವೇ ಕಾಣದಂತಾಯಿತು. ಕುದಿ ಒಮ್ಮೆಗೇ ನಿಂತಿತು. ಎಲ್ಲರೂ ಆ ಟಪ್ ಎನ್ನುವ ಸದ್ದಿಗೆ ಕಾದರು. ಹುಳಿ ಒಲೆಗೆ ಹರಿದು ಬೆಂಕಿ ಆರುತ್ತದೆ, ನನ್ನ ಉಳಿಯ ಕಥೆಯೂ ಅಲ್ಲಿಗೇ ಆರುತ್ತದೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಟಪ್ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ತಳದಿಂದ ಒಂದು ಗುಳ್ಳೆ ಎದ್ದಿತು. ಇನ್ನೊಂದು ಎದ್ದಿತು. ಆಮೇಲೆ ಚಟ್ಟಿ ಏನೂ ಆಗದವರಂತೆ ಕೊತಕೊತ ಶುರುಮಾಡಿತು.

ಮಾವ ಕಟ್ಟೆಯಿಂದ ಇಳಿದು ಬಂದರು. ಗೌಡರ ಕೈಯಿಂದ ಸೌಟು ತೆಗೆದುಕೊಂಡು, ಅದರ ಹಿಡಿಯಿಂದ ಚಟ್ಟಿಯ ಕಂಠಕ್ಕೆ ತಟ್ಟಿ ಕಿವಿಗೊಟ್ಟರು. ಸುತ್ತ ಬಂದು ಇನ್ನೊಂದು ಕಡೆ ತಟ್ಟಿದರು. ತುಂಬಿದ ಚಟ್ಟಿ ಬರಿದಾದದ್ದರಷ್ಟು ದನಿ ಕೊಡುವುದಿಲ್ಲ, ಆದರೂ ಆ ದನಿ ಸತ್ತದ್ದಾಗಿರಲಿಲ್ಲ. ನನಗೂ ಕೇಳಿಸಿತು. ಮಾವ ಸೌಟನ್ನು ವಾಪಸು ಕೊಟ್ಟು, "ಉಪ್ಪು ಕಡ್ಮೆ ಆಯ್ತೀಗ, ಹಾಕಿ," ಎಂದು ಹೋಗಿ ಪಂಕ್ತಿಯಲ್ಲಿ ಕೂತರು. ಅಂದು ಅವರು ಹುಳಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ನನ್ನ ಕಡೆ ಮಾತ್ರ ನೋಡಲಿಲ್ಲ. ಅತ್ತೆ ನೋಡಿದರು. ನನಗೆ ಕುಣಿಯಬೇಕು ಅನ್ನಿಸಿತ್ತು, ಕುಣಿಯುವ ಬದಲು ಎಲ್ಲರಿಗೂ ಬಡಿಸಿದೆ. ಎಲ್ಲಿ ಚೆಲ್ಲಿದೆನೋ, ಎಷ್ಟು ಬಡಿಸಿದೆನೋ ನನಗೇ ತಿಳಿಯಲಿಲ್ಲ.

ಯುಗಾದಿ ಕಳೆದು ಲಾರಿ ಬಂತು. ಒಂದು ಚಟ್ಟಿಯೂ ವಾಪಸು ಬಂದಿರಲಿಲ್ಲ. ಬಿಸಿಲು ನೆತ್ತಿಗೇರುವ ಹೊತ್ತು. ಕಲ್ಲುಗಳನ್ನು ಶೆಡ್ಡಿನ ಮುಂದೆ ಸಾಲಾಗಿ ಇಳಿಸಿದರು. ಲಾರಿಯ ಹಿಂಬಾಗಿಲು ತೆರೆಯುವ ಮೊದಲೇ ಸುತ್ತಿಗೆ ಹಿಡಿದು ನಿಲ್ಲುತ್ತಿದ್ದ ಮಾವ ಆ ದಿನ ಮಣೆಯಿಂದ ಏಳಲಿಲ್ಲ. ನಾನೂ ನನ್ನ ಮೂಲೆಯಲ್ಲೇ ನಿಂತಿದ್ದೆ. ಕೇಳಿ ಪಡೆಯಲು ನನಗೆ ಮನಸ್ಸಿರಲಿಲ್ಲ, ಅವರೇ ಹೇಳಬೇಕಿತ್ತು. ಲಾರಿಯವನು ಹೋಗಿ, ಧೂಳು ಕೂತ ಮೇಲೆ ಮಾವ ಕೆಮ್ಮಿದರು.

"ಎಂತಕ್ಕೆ ಕಂಬದ ಹಾಗೆ ನಿಂತಿದೀಯ? ಈ ಸಲ ಮೊದ್ಲು ಆರ್ಸೋದು ಯಾರು?"

ಸುತ್ತಿಗೆಯ ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದರು. ನಾನು ಹೋಗಿ ತೆಗೆದುಕೊಂಡೆ. ಅದು ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಸಾಲಿನ ಈ ತುದಿಯಿಂದ ತಟ್ಟುತ್ತ ಹೋದೆ. ಕರುವಿನ ಗಾತ್ರದ ಒಂದು ಹಸಿರು ಕಲ್ಲು ಸುತ್ತಿಗೆ ತಾಗಿದೊಡನೆ ಹಾಡಿತು. ಅಂಥ ದನಿ ನಾನು ಆ ಶೆಡ್ಡಿನಲ್ಲಿ ಕೇಳಿರಲಿಲ್ಲ. ಬೆನ್ನ ಹಿಂದೆ ಮಾವ ಮಣೆಯಿಂದ ಎದ್ದ ಸದ್ದಾಯಿತು.

"ಅದ್ರೊಳಗೆ ಸರಸ್ವತಿ ಕೂತಿದಾಳೆ ಪ್ರೇಮಾ. ನಂಗೆ ಕಾಣ್ತದೆ," ಎಂದರು. ಅವರ ದನಿಯಲ್ಲಿ ಆಸೆ ಇತ್ತು. ಬೇಡಿಕೊಳ್ಳುವುದು ಗೊತ್ತಿಲ್ಲದ ಮನುಷ್ಯ ಬೇಡಿಕೊಂಡಂತಿತ್ತು.

ಕನಿಕರವಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ಆಯಿತು. ಆದರೂ ನಾನು ಜಗ್ಗಲಿಲ್ಲ.

"ನಂಗೆ ಚಟ್ಟಿ ಕಾಣ್ತದೆ ಮಾವ," ಎಂದೆ.

ಅವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು. ಇನ್ನೇನು ಕುದಿಯುತ್ತಾರೆ ಎಂದುಕೊಂಡೆ. ನಾನು ಕಾವಿಯ ಉಂಡೆ ತೆಗೆದುಕೊಂಡು ಆ ಕಲ್ಲಿನ ನೆತ್ತಿಯ ಮೇಲೆ ಒಂದು ಚಟ್ಟಿಯ ಬಾಯಿಯಷ್ಟು ಅಗಲಕ್ಕೆ ಸುತ್ತು ಎಳೆದೆ. ಮಾವ ಹತ್ತಿರ ಬಂದು, ಕುಕ್ಕರುಗಾಲಲ್ಲಿ ಕೂತು, ಸುತ್ತಿನ ಗುಂಟ ಹೆಬ್ಬೆರಳು ಓಡಿಸಿದರು. ಆಮೇಲೆ ಅಂಗೈಯಿಂದ ಅದನ್ನು ಅಳಿಸಿಬಿಟ್ಟರು.

"ಇಂಥ ಕಲ್ಲಿಗೆ ಇಷ್ಟು ಸಣ್ಣದಾ?" ಎಂದರು. "ದೊಡ್ಡದು ಎಳಿ."